ನೀರು ಹೊಡೆಯದ ಗೋಡೆ

ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾಹಿದ ವಾಡಿಯಲ್ಲಿ ರೈಲು ಇಳಿದಳು. ಆಗ ಗೋಡೆಯ ಮೇಲೆ ಮುಖ ಇರಲಿಲ್ಲ.

ನಿಲ್ದಾಣದ ಬ್ರಿಡ್ಜ್ ಮೇಲಿಂದಲೇ ಅದು ಗೊತ್ತಾಯಿತು. ಮಂಗಳವಾರ ಸಂಜೆ ಇದೇ ಜಾಗದಲ್ಲಿ ನಿಂತು ನೋಡಿದಾಗ ಹಳಿಗಳ ಆಚೆ, ಭೀಮಶ್ಯಾನ ಮನೆಯ ಹಿಂಗೋಡೆಯ ಮೇಲೆ ಒಂಬತ್ತು ಅಡಿ ಎತ್ತರದ ಹೆಣ್ಣುಮುಖವಿತ್ತು. ಒಂದು ಕಿವಿ ಮತ್ತು ಸೆರಗಿನ ಅಂಚು ಮಾತ್ರ ಬಾಕಿ ಇದ್ದವು. ಈಗ ಅದೇ ಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಗೋಣಿಚೀಲ ಇಳಿಬಿಟ್ಟಿದ್ದರು. ಚೀಲಗಳು ಒದ್ದೆಯಾಗಿದ್ದವು.

ಸಿಮೆಂಟು ಕಾರ್ಖಾನೆಯ ಈ ಊರಲ್ಲಿ ಒದ್ದೆ ಗೋಣಿಚೀಲದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಗೆ ಹೊಸ ಗಾರೆಯ ಗಿಲಾವು ಆಗಿದೆ, ಅದು ಗಟ್ಟಿಯಾಗಲೆಂದು ಯಾರೋ ನೀರು ಹೊಡೆಯುತ್ತಿದ್ದಾರೆ.

ನಾಹಿದಳಿಗೆ ಮೂವತ್ನಾಲ್ಕು ವರ್ಷ. ಶಹಾಬಾದಿನವಳು, ತಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಮಶೀನಿನಲ್ಲಿ ದುಡಿದವರು. ಅವಳು ಗೋಡೆಗೆ ಬಣ್ಣ ಬಳಿಯುವುದಿಲ್ಲ, ಗೋಡೆಯನ್ನೇ ಕೆತ್ತುತ್ತಾಳೆ. ಸುಣ್ಣದ ಕೆಳಗೆ ಗಿಲಾವು, ಗಿಲಾವಿನ ಕೆಳಗೆ ಕಲ್ಲು. ಬೆಳಕು ಬೇಕಾದಲ್ಲಿ ಸುಣ್ಣ ಬಿಡುತ್ತಾಳೆ, ನೆರಳು ಬೇಕಾದಲ್ಲಿ ಗಿಲಾವಿನವರೆಗೆ ಇಳಿಯುತ್ತಾಳೆ, ಕತ್ತಲೆ ಬೇಕಾದಲ್ಲಿ ಕಲ್ಲು ಕಾಣುವವರೆಗೆ ಕೆತ್ತುತ್ತಾಳೆ. ಕಲಬುರಗಿಯ ಎರಡು ಓಣಿಗಳಲ್ಲಿ, ಹೈದರಾಬಾದಿನ ಒಂದು ಫ್ಲೈಓವರ್ ಕೆಳಗೆ ಅವಳು ಕೆತ್ತಿದ ಮುಖಗಳಿವೆ. ಗೋಡೆ ಸಿಗದ ದಿನ ಕಿತ್ತೆಸೆದ ಬಾಗಿಲು, ಒಡೆದ ಫರ್ಸಿ, ಮುಚ್ಚಿದ ಅಂಗಡಿಯ ಬೋರ್ಡು ಏನಾದರೂ ಆದೀತು. ಸೇಡಂನಲ್ಲಿ ಒಂದು ಗುಜರಿ ಬಾಗಿಲ ಮೇಲೆ ಅವಳು ಕೆತ್ತಿದ್ದ ಕಸ ಗುಡಿಸುವ ಹೆಂಗಸಿನ ಮುಖ ನೋಡಿ ಲುಂಬಿನಿ ಫೋನ್ ಮಾಡಿದ್ದಳು.

ಲುಂಬಿನಿ ಸೇಡಂನಲ್ಲಿ ಸ್ಟಾಫ್ ನರ್ಸ್. ಅವಳ ತಾಯಿ ಸಾಬಮ್ಮ ತೀರಿಕೊಂಡು ಬರುವ ಭಾನುವಾರಕ್ಕೆ ಒಂದು ವರ್ಷ. ತಂದೆ ಭೀಮಶ್ಯಾ ಎಪ್ಪತ್ತೊಂದು ವರ್ಷದ ಗೌಂಡಿ, ಗಾರೆ ಕೆಲಸದವನು. ಆತನ ಎರಡೂ ಕಣ್ಣಿಗೆ ಪೊರೆ ಬಂದು, ಬಲಗಣ್ಣಿನ ಆಪರೇಶನ್ ಕಲಬುರಗಿಯಲ್ಲಿ ಆಗಿತ್ತು. ಚೇತರಿಸಿಕೊಳ್ಳಲೆಂದು ಮಗಳ ಮನೆಯಲ್ಲಿದ್ದ. ಲುಂಬಿನಿಯ ಲೆಕ್ಕ ಸರಳವಾಗಿತ್ತು: ಅಪ್ಪ ಶನಿವಾರ ಊರಿಗೆ ಮರಳುವಷ್ಟರಲ್ಲಿ ಅವ್ವ ಗೋಡೆಯ ಮೇಲಿರಬೇಕು. ಅಪ್ಪನಿಗೆ ಹೇಳಬಾರದು. ಸಾಬಮ್ಮನ ಒಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಉದ್ಯೋಗ ಖಾತ್ರಿ ಕಾರ್ಡಿನ ಫೋಟೋದಲ್ಲಿ ಕಣ್ಣು ಮುಚ್ಚಿದ್ದಳು. ಯಾರದೋ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದದ್ದೊಂದು ಇತ್ತು, ನಾಹಿದ ಕೆತ್ತಿದ್ದು ಅದನ್ನು ನೋಡಿಯೇ.

ಹನ್ನೊಂದು ದಿನದ ಕೆಲಸ ಅದು. ಬುಧವಾರ ಡ್ರಿಲ್ಲಿನ ಬಿಟ್ ಮುರಿದಿದ್ದರಿಂದ ಹೊಸದು ತರಲು ಕಲಬುರಗಿಗೆ ಹೋಗಿ, ರಾತ್ರಿ ಶಹಾಬಾದಿನ ಮನೆಯಲ್ಲಿ ಉಳಿದಿದ್ದಳು.

ಬ್ರಿಡ್ಜ್ ಇಳಿದು, ಹಳಿಯ ಪಕ್ಕದ ಕಂಪೌಂಡು ಸುತ್ತಿ ಅವಳು ಹಿಂದಿನ ಸಂದಿಗೆ ಬಂದಳು. ಸಂದಿಯ ಅಗಲ ಆರಡಿ. ಅಲ್ಲಿ ನಿಂತರೆ ಕುಳಿ, ಗೀರು, ಕೆರೆದ ಗುರುತುಗಳಷ್ಟೇ ಕಾಣುತ್ತವೆ. ಮುಖ ಕಾಣಬೇಕೆಂದರೆ ಹಳಿ ದಾಟಿ ಬ್ರಿಡ್ಜ್ ಹತ್ತಬೇಕು. ಸಂದಿಯ ಬಾಯಲ್ಲಿ ಪಕ್ಕದ ಮನೆಯ ಅನಸುಬಾಯಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದಳು.

"ಮೌಶಿ, ಇದು ಯಾರ ಕೆಲಸ?"

"ಭೀಮಶ್ಯಾಂದು," ಅನಸುಬಾಯಿ ತಲೆ ಎತ್ತಲಿಲ್ಲ. "ನಿನ್ನಿ ಮುಂಜಾನಿ ಗಾಡಿಗೆ ಬಂದ. ಮಗಳಿಗೂ ಹೇಳದ ಬಂದಾನ. ಲುಂಬಿನಿ ನಂಗ ಫೋನ್ ಮಾಡಿ, ಅಪ್ಪಗ ಹಿಂದಿನ ಸಂದ್ಯಾಗ ಹೋಗಾಕ ಬಿಡಬ್ಯಾಡ್ರಿ ಅಂದಳು. ಹಿಂದ ಹೋಗಬ್ಯಾಡೋ ಭೀಮಶ್ಯಾ ಅಂದೆ. ಅದಕ್ಕಂತೇ ಹೋದ."

"ನೀವು ಹೇಳ್ಲಿಲ್ಲೇನ್ರಿ, ಅದು ಸಾಬಮ್ಮಂದು ಅಂತ?"

"ಹೇಳಬ್ಯಾಡ ಅಂತ ನಿಮ್ಮಿಬ್ಬರಿಗೂ ಮಾತು ಕೊಟ್ಟಿದ್ದೆ. ಹೆಂಗ ಹೇಳ್ಲಿ?" ಅನಸುಬಾಯಿ ಒಂದು ಹರಳು ಆರಿಸಿ ಎಸೆದಳು. "ಇವತ್ತ ನಸುಕಿನ್ಯಾಗ ಸಿಮೆಂಟಿನ ಮಾಲ ಕಲಸಾಕತ್ತಿದ್ದ. ಇದೂ ನಿಮ್ಮ ಚಿತ್ರದ ಕೆಲಸ ಇದ್ದೀತು ಅಂದುಕೊಂಡೆ. ನಂಗೇನ್ ತಿಳೀತದ ಅದೆಲ್ಲ."

ಭೀಮಶ್ಯಾ ಆಗಲೇ ಮೂಲೆ ತಿರುಗಿ ಬಂದ. ಆಪರೇಶನ್ನಿನ ಕಪ್ಪು ಚಸ್ಮಾ, ಕೈಯಲ್ಲಿ ನೀರಿನ ಬಕೇಟು. ತಿಂಗಳ ಮಟ್ಟಿಗೆ ಧೂಳು, ಸಿಮೆಂಟು ಹತ್ತಿರಕ್ಕೂ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಆತ ನಾಹಿದಳನ್ನು ಎಂದೂ ಕಂಡವನಲ್ಲ.

"ಯಾರವ್ವ ನೀನು? ಲೈಟ್ ಬಿಲ್ಲಿನಾಕಿ?"

"ಅಲ್ರಿ ಕಾಕಾ. ನಾ ನಾಹಿದ. ಶಹಾಬಾದಕಿ."

"ಕುಂದ್ರು, ನೀರು ಹೊಡೆದು ಬರ್ತೀನಿ." ಬಕೇಟಿನಿಂದ ಒಂದು ತಂಬಿಗೆ ನೀರೆತ್ತಿ ಚೀಲದ ಮೇಲೆ ಚೆಲ್ಲಿದ. "ನೋಡು, ಹದಿನೈದ ದಿನ ಮನ್ಯಾಗ ಇಲ್ಲಂದ್ರ ಗ್ವಾಡಿ ಹೆಂಗ ಮಾಡಿಟ್ಟಾರ. ಒಬ್ಬಾವಾ ಅಲ್ಲ, ನಾಕ ಮಂದಿ ಹಾರಿ ಗುದ್ದಲಿ ತಗೊಂಡು ಬಂದು ಹೊಡೆದಂಗ ಇತ್ತು. ಇಪ್ಪತ್ತಾರು ವರ್ಷದ ಗಿಲಾವು, ಒಂದ ಬಿರುಕು ಬಿಟ್ಟಿದ್ದಿಲ್ಲ."

ವಾಡಿಯಲ್ಲಿ ಭೀಮಶ್ಯಾನ ಈ ಸ್ವಭಾವ ಎಲ್ಲರಿಗೂ ಗೊತ್ತು. ಒಡೆದ ಗೋಡೆ ಕಂಡರೆ ಆತನ ಕೈ ನಿಲ್ಲುವುದಿಲ್ಲ. ಮಂಚದ ಕೆಳಗೆ ಸದಾ ಅರ್ಧ ಚೀಲ ಸಿಮೆಂಟು ಇರುತ್ತದೆ. ಮಸೀದಿ ಓಣಿಯ ನಲ್ಲಿಕಟ್ಟೆಯನ್ನೂ ಅಂಚೆ ಕಚೇರಿಯ ಮೆಟ್ಟಿಲನ್ನೂ ಯಾರೂ ಕೇಳದೆಯೇ ತಿದ್ದಿದವನು.

ನಾಹಿದ ಹೇಗೆ ಶುರು ಮಾಡುವುದೆಂದು ಯೋಚಿಸಿದಳು. ಬೇರೆ ದಾರಿ ಇರಲಿಲ್ಲ.

"ಹೊಡೆದಾಕಿ ನಾನೇ ರಿ ಕಾಕಾ. ಅದು ಹಾಳ ಮಾಡಿದ್ದಲ್ಲ. ಸಾಬಮ್ಮ ಅವರ ಮುಖ ಕೆತ್ತಿದ್ದೆ. ಲುಂಬಿನಿ ಹೇಳಿದ್ದಳು. ನಿಮಗ ಆಮ್ಯಾಲ ತೋರಸೂನು ಅಂತ ಸುಮ್ನ ಇದ್ದೆವು."

ಭೀಮಶ್ಯಾ ತಂಬಿಗೆ ಬಕೇಟಿನಲ್ಲಿಟ್ಟ. ಅನಸುಬಾಯಿಯ ಮೊರವೂ ನಿಂತಿತು. ನಾಹಿದ ಮೊಬೈಲಿನಲ್ಲಿ ಮಂಗಳವಾರ ಬ್ರಿಡ್ಜ್ ಮೇಲಿಂದ ತೆಗೆದ ಫೋಟೋ ತೋರಿಸಿದಳು. ಆತ ಚಸ್ಮಾ ಹಣೆಗೇರಿಸಿ, ಫೋನನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಫೋನ್ ಹಿಂದಿರುಗಿಸಿ, ಒಂದು ಚೀಲವನ್ನು ಬದಿಗೆ ಸರಿಸಿ ಹಸಿ ಗಿಲಾವಿನ ಮೇಲೆ ಅಂಗೈ ಇಟ್ಟ.

"ಇಲ್ಲಿ ಭಾಳ ಆಳ ಇತ್ತು," ಎಂದ. "ಎರಡು ಥಾಪಿ ಮಾಲ ಹಿಡೀತು."

"ಅದು ಕಣ್ಣು ರಿ."

"ಅತ್ತಾಗಿಂದು?"

"ಅದೂ ಕಣ್ಣು."

ಆತ ಕೈ ತೆಗೆಯಲಿಲ್ಲ. "ಕಿತ್ತರ ಬರ್ತದೇನು?"

ನಾಹಿದ ಉಳಿಯ ತುದಿಯಿಂದ ಒಂದು ಮೂಲೆ ಕೆರೆದು ನೋಡಿದಳು. ಸರಿಯಾದ ಗೌಂಡಿ ಮಾಡಬೇಕಾದ್ದನ್ನೆಲ್ಲ ಭೀಮಶ್ಯಾ ಮಾಡಿದ್ದ. ಕುಳಿಗಳನ್ನು ತೊಳೆದು, ಸಿಮೆಂಟಿನ ತಿಳಿ ಬಳಿದು, ಆಮೇಲೆ ಮಾಲು ತುಂಬಿ, ಮೇಲೊಂದು ತೆಳು ಪದರು ಎಳೆದಿದ್ದ. ಹಳೆಯದು ಹೊಸದು ಒಂದಾಗಿ ಹಿಡಿದುಕೊಂಡಿದ್ದವು. ಒಂದು ತಾಸಿನ ಒಳಗಾಗಿದ್ದರೆ ತೊಳೆದು ತೆಗೆಯಬಹುದಿತ್ತು. ಈಗ ಏಳು ತಾಸಾಗಿತ್ತು.

"ಹಳೇದು ಬರಂಗಿಲ್ಲ ಕಾಕಾ. ಇದರ ಮ್ಯಾಲೇ ಮತ್ತ ಕೆತ್ತಬೇಕು. ಆದ್ರ ಇದು ಗಟ್ಟಿ ಆಯ್ತಂದ್ರ ನನ್ನ ಉಳಿಗೆ ಬಗ್ಗಂಗಿಲ್ಲ. ಡ್ರಿಲ್ ಹಚ್ಚಿದ್ರ ತುಂಡ ತುಂಡಾಗಿ ಹಾರ್ತದ, ಮುಖ ಆಗಂಗಿಲ್ಲ. ಹನ್ನೊಂದ ದಿನದ್ದು ಎರಡ ದಿನದಾಗ ಆಗಬೇಕಂದ್ರ ಇದು ಮೆತ್ತಗ ಇರಬೇಕು."

ಭೀಮಶ್ಯಾ ತಲೆ ಎತ್ತಿ ಬಿಸಿಲು ನೋಡಿದ. ಮೇ ತಿಂಗಳು, ವಾಡಿಯಲ್ಲಿ ನಲವತ್ಮೂರು ಡಿಗ್ರಿ. ನೀರು ಕೊಟ್ಟರೆ ಸಿಮೆಂಟು ದಿನದಿನಕ್ಕೂ ಕಲ್ಲಾಗುತ್ತದೆ. ಕೊಡದಿದ್ದರೆ ಬಿಸಿಲು ಅದರೊಳಗಿನ ನೀರು ಹೀರಿ, ಉಗುರಿನಿಂದ ಕೆರೆದರೂ ಪುಡಿ ಉದುರುವಂತೆ ಮಾಡುತ್ತದೆ. ಐವತ್ತು ವರ್ಷ ಆತ ಆ ಬಿಸಿಲಿನ ವಿರುದ್ಧ ಕೆಲಸ ಮಾಡಿದ್ದ. ನೀರು ಹೊಡೆಯದ ಮನೆಮಾಲೀಕರ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದದ್ದೂ ಇತ್ತು.

"ನೀರು ಹೊಡಿಬಾರದು ಅಂತೀ."

"ಹೌದ್ರಿ."

"ಎರಡ ಮಳಿಗಾಲ ತಡದ್ರ ಹೆಚ್ಚು. ಉದರ್ತದ."

"ಗೊತ್ತದ್ರಿ."

ಆತ ಚೀಲಗಳನ್ನು ಒಂದೊಂದಾಗಿ ಇಳಿಸಿ, ಹಿಂಡಿ, ಮಡಚಿ ಕೆಳಗಿಟ್ಟ. ಉಳಿದ ನೀರನ್ನು ಅನಸುಬಾಯಿಯ ಕರಿಬೇವಿನ ಬುಡಕ್ಕೆ ಸುರಿದು, ಖಾಲಿ ಬಕೇಟು ಅವಳ ಮುಂದೆ ಇಟ್ಟ.

"ಅನಸಕ್ಕಾ, ಇದು ನಿನ್ನ ಮನ್ಯಾಗ ಇರಲಿ. ನಾ ಕೇಳಿದ್ರೂ ಕೊಡಬ್ಯಾಡ."

"ಮತ್ತೊಂದ ಮಾತು ಕೊಡಬೇಕೇನು?" ಅನಸುಬಾಯಿ ಎಂದಳು. "ಮೊದಲಿಂದೇ ಇಷ್ಟು ತ್ರಾಸ ಕೊಡ್ತು."

ಅಂದು ಸಂಜೆ ಲುಂಬಿನಿ ಫೋನ್ ಮಾಡಿ ಅಪ್ಪನನ್ನು ಬೈದಳು: ಕಣ್ಣಿನ ಡ್ರಾಪ್ಸ್ ಸೇಡಂನಲ್ಲೇ ಬಿಟ್ಟು ಬಂದಿದ್ದ. ಮುಖದ ಸುದ್ದಿ ಕೇಳಿದ ಮೇಲೆ ಬೈಗುಳ ನಿಲ್ಲಿಸಿ, ನಾಹಿದಳಿಗೆ ಫೋನ್ ಕೊಡೆಂದಳು.

"ಆಗ್ತದೇನು, ನಾಹಿದ?"

"ಗೊತ್ತಿಲ್ಲ. ಬಿಸಿಲು ಜೋರ ಇದ್ರ ಆಗ್ತದ."

"ಬಿಸಿಲು ಬೇಕು ಅಂದಾಕಿನ್ನ ಮೇ ತಿಂಗಳದಾಗ ನಿನ್ನೊಬ್ಬಾಕಿನ್ನೇ ಕಂಡೆ ನೋಡು."

ಶುಕ್ರವಾರ ಐದೂವರೆಗೆ ನಾಹಿದ ಏಣಿ ಹಚ್ಚಿದಳು. ಕಾಗದದ ನಕ್ಷೆ ಅವಳ ಬಳಿ ಇತ್ತು. ಗೆರೆಗಳನ್ನು ಗೋಡೆಗೆ ಇಳಿಸುವುದು ಕಷ್ಟವಾಗಲಿಲ್ಲ. ಭೀಮಶ್ಯಾನನ್ನು ಧೂಳು ತಾಗದಷ್ಟು ದೂರ, ಸಂದಿಯ ಬಾಯಲ್ಲಿ ಕೂರಿಸಿದ್ದಳು. ಆತ ಕೂತಲ್ಲಿಂದಲೇ ಗಿಲಾವಿನ ಬಣ್ಣ ನೋಡಿ ವರದಿ ಕೊಡುತ್ತಿದ್ದ. "ಬಲಗಡಿ ಮ್ಯಾಲೆ ಬಿಳುಚಾಗ್ಯಾದ, ಅಲ್ಲಿಂದ ಹಿಡಿ. ಕೆಳಗ ಇನ್ನಾ ಹಸಿ ಅದ." ಹೇಳಿದ್ದು ಪ್ರತಿ ಸಲವೂ ಸರಿ ಇರುತ್ತಿತ್ತು. ಬಿಳಚಿಕೊಂಡಲ್ಲಿ ಉಳಿ ಬೆಲ್ಲದ ಅಚ್ಚಿನಲ್ಲಿ ಇಳಿದಂತೆ ಇಳಿಯುತ್ತಿತ್ತು.

ಒಂಬತ್ತಕ್ಕೆ ಅವಳು ಬಾಯಿಯ ಗೆರೆ ಹಾಕಿದಾಗ ಆತ ಎದ್ದು ಬಂದ.

"ಇದೇನು?"

"ಬಾಯಿ ರಿ. ಫೋಟೋದಾಗ ಹಿಂಗೇ ಅದ." ಅವಳು ಮದುವೆಯ ಫೋಟೋ ತೋರಿಸಿದಳು. ಸಾಬಮ್ಮ ಪೌಡರ್ ಹಚ್ಚಿ, ತುಟಿ ಬಿಗಿಹಿಡಿದು ನಿಂತಿದ್ದಳು.

"ಫೋಟೋದಾಗ ಮುಚ್ಯಾಳ. ಮುಂದಿನ ಹಲ್ಲು ಮುರದಿತ್ತು ಅಂತ ನಾಚಿಕಿ. ಅಲ್ಲದಿದ್ರ ಆಕಿ ಬಾಯಿ ಮುಚ್ಚಿದ್ದು ನಾ ನೋಡಿಲ್ಲ." ಆತ ಅನಸುಬಾಯಿಯ ಕಡೆ ತಿರುಗಿದ. "ನೀ ನೋಡಿಯೇನಕ್ಕಾ?"

"ನಿದ್ದ್ಯಾಗ ಮುಚ್ಚಿದ್ಲೇನೋ," ಅನಸುಬಾಯಿ ಎಂದಳು. "ನಾ ನೋಡಿಲ್ಲ."

"ಹಲ್ಲು ಹೆಂಗ ಮುರೀತು ರಿ?"

"ಚಿತ್ತಾಪುರದಾಗ ಒಂದು ಸಾಲಿ ಕಟ್ಟಾಕತ್ತಿದ್ದೆವು. ಬುಟ್ಟಿ ಹೊತ್ಕೊಂಡು ಏಣಿ ಹತ್ತುವಾಗ ಜಾರಿದ್ಳು. ಬಾಯಾಗ ರಕ್ತ. ಅವತ್ತ ಮಧ್ಯಾಹ್ನ ಮತ್ತ ಬಂದು ನೀರು ಹೊಡೆದಳು. ನಾ ಬ್ಯಾಡ ಅಂದೆ. ಗ್ವಾಡಿಗೆ ನನ್ನ ಹಲ್ಲು ತಿಳೀತದೇನು ಅಂದಳು." ಆತ ಗೋಡೆ ನೋಡುತ್ತಲೇ ಹೇಳಿದ. "ಮಂದಿ ನಂಗ ಗೌಂಡಿ ಅಂದರು, ಆಕಿಗ ಕೂಲಿಯಾಕಿ ಅಂದರು. ಗಿಲಾವು ನಾ ಎಳೀತಿದ್ದೆ. ಗಟ್ಟಿ ಮಾಡಿದಾಕಿ ಆಕಿ. ಮೂವತ್ತು ವರ್ಷ ಮುಂಜಾನಿ ಸಂಜಿ, ಯಾವ ಗ್ವಾಡಿಗೂ ಒಂದ ಹೊತ್ತು ತಪ್ಪಿಸಿಲ್ಲ."

ನಾಹಿದ ಹಾಕಿದ್ದ ಗೆರೆಯನ್ನು ಅಳಿಸಿದಳು. ಹೊಸ ಬಾಯಿಯನ್ನು ಅವರಿಬ್ಬರೂ ಕೂಡಿ ಹೇಳಿದಂತೆ ಬರೆದಳು: ಮೇಲಿನ ತುಟಿ ಎಡಕ್ಕೆ ಸ್ವಲ್ಪ ಏರಿದ್ದು, ಹಲ್ಲಿಲ್ಲದ ಜಾಗ, ಕೆನ್ನೆಯ ಗುಳಿ. ಗುಳಿ ಬಲಗಡೆಗೆಂದು ಭೀಮಶ್ಯಾ, ಎಡಗಡೆಗೆಂದು ಅನಸುಬಾಯಿ. ಹತ್ತು ನಿಮಿಷ ವಾದವಾಯಿತು. ಕೊನೆಗೆ ಲುಂಬಿನಿಗೆ ಫೋನ್ ಹೋಯಿತು. ಡ್ಯೂಟಿಯಲ್ಲಿದ್ದ ಅವಳು, "ಎರಡೂ ಕಡಿ ಇದ್ದವು," ಎಂದಳು. "ನಕ್ಕಾಗ ಬಲಗಡಿ, ಬೈದಾಗ ಎಡಗಡಿ."

"ಹಂಗಿದ್ರ ಎಡಗಡಿ ಮಾಡವ್ವ," ಎಂದ ಭೀಮಶ್ಯಾ.

ಹನ್ನೊಂದಕ್ಕೆ ಬಿಸಿಲು ತಾಳಲಾಗದೆ ಕೆಲಸ ನಿಂತಿತು. ನಾಲ್ಕಕ್ಕೆ ಮತ್ತೆ ಶುರು. ಈ ನಡುವೆ ಭೀಮಶ್ಯಾ ನಾಲ್ಕು ಸಲ ಗೋಡೆಯ ಹತ್ತಿರ ಹೋಗಿ, ಬೆರಳಿನಿಂದ ಮುಟ್ಟಿ, ಪುಡಿ ಉದುರಿದ್ದನ್ನು ನೋಡಿ ಹಿಂದಿರುಗಿದ. ಒಂದು ಸಲ ಅನಸುಬಾಯಿಯ ಬಾಗಿಲಿಗೆ ಹೋಗಿ ನಿಂತ.

"ಬಕೇಟ್ ಬೇಕಿತ್ತೇನು?" ಒಳಗಿಂದ ಅವಳ ದನಿ ಬಂತು.

"ಇಲ್ಲ. ಚಹಾ ಮಾಡಿದ್ರ ಒಂದ ಗುಟುಕು."

"ಚಹಾ ಅದ. ಬಕೇಟ್ ಇಲ್ಲ."

ಶನಿವಾರ ನಾಹಿದ ಹಣೆ, ಹುಬ್ಬು, ಕೂದಲು ಮುಗಿಸಿದಳು. ಕಣ್ಣುಗಳನ್ನು ಕೊನೆಗೆ ಇಟ್ಟುಕೊಂಡಿದ್ದಳು, ಏಕೆಂದರೆ ಅಲ್ಲಿ ಮಾಲು ದಪ್ಪವಾಗಿತ್ತು, ಒಳಗಿನ ಹಸಿ ಆರಲು ಹೊತ್ತು ಬೇಕಿತ್ತು. ಎಡಗಣ್ಣು ಸುಲಭವಾಗಿ ಬಂತು. ಬಲಗಣ್ಣಿನಲ್ಲಿ ಅರ್ಧ ಇಂಚು ಇಳಿದ ಮೇಲೆ ಉಳಿ ಟಣ್ ಎಂದಿತು. ತಳದ ಮಾಲು ಬಿಸಿಲು ಕಾಣದೆ ತನ್ನ ನೀರನ್ನೇ ಕುಡಿದು ಗಟ್ಟಿಯಾಗಿತ್ತು. ಎರಡು ಸಲ ಪ್ರಯತ್ನಿಸಿದಳು. ಮೂರನೆಯ ಪೆಟ್ಟಿಗೆ ರೆಪ್ಪೆಯ ಮೇಲೊಂದು ಸಣ್ಣ ಬಿರುಕು ಮೂಡಿತು. ಇನ್ನೊಂದು ಪೆಟ್ಟು ಬಿದ್ದರೆ ಆ ಕಣ್ಣು ಪೂರ್ತಿ ಹೋಗುತ್ತಿತ್ತು. ಕೈ ನಿಲ್ಲಿಸಿದಳು.

"ಯಾಕ?" ಸಂದಿಯ ಬಾಯಿಂದ ಭೀಮಶ್ಯಾ ಕೇಳಿದ.

"ಕಲ್ಲು ಮುಟ್ಟಾಕ ಆಗವಲ್ದು ಕಾಕಾ. ಗಟ್ಟಿ ಹಿಡದದ. ಹೊಡೆದ್ರ ರೆಪ್ಪಿ ಹಾರ್ತದ."

ಆತ ಬಂದ. ಧೂಳಿನ ಮಾತು ಅವಳು ಎತ್ತಲಿಲ್ಲ. ಏಣಿಯ ಎರಡು ಮೆಟ್ಟಿಲು ಹತ್ತಿ, ಅವಳ ಕೈಯಿಂದ ಉಳಿ ಇಸಿದುಕೊಂಡ, ಆದರೆ ಗುದ್ದಲಿಲ್ಲ. ಉಳಿಯನ್ನು ಕುಳಿಯ ಅಂಚಿಗೆ ಅಡ್ಡ ಮಲಗಿಸಿ, ಎರಡೂ ಅಂಗೈಯಿಂದ ಒತ್ತುತ್ತ ತಿರುಗಿಸತೊಡಗಿದ. ಹಳೆಯ ಗಿಲಾವಿಗೂ ತನ್ನ ಮಾಲಿಗೂ ನಡುವಿನ ಸೇರುವೆ ಎಲ್ಲಿದೆ ಎಂದು ಆತನಿಗೆ ಗೊತ್ತಿತ್ತು, ಬಳಿದವನು ಆತನೇ. ಅರ್ಧ ತಾಸು ಹಿಡಿಯಿತು. ಕೊನೆಗೆ ನೆಲ್ಲಿಕಾಯಿ ಗಾತ್ರದ ಒಂದು ಗಟ್ಟಿ ತುಂಡು ಸಡಿಲಾಗಿ ಆತನ ಅಂಗೈಗೆ ಬಿತ್ತು. ಹಿಂದೆ ನೀಲಿಗಪ್ಪು ಕಲ್ಲು ಕಂಡಿತು. ರೆಪ್ಪೆ ಉಳಿದಿತ್ತು.

"ಲುಂಬಿನಿಗೆ ಹೇಳಬ್ಯಾಡ," ಎಂದ ಇಳಿಯುತ್ತ.

"ಈ ಊರಾಗ ಹೇಳಬ್ಯಾಡ ಅನ್ನೂ ಮಾತು ಸಾಕು ರಿ ಕಾಕಾ."

ಸಂಜೆ ಐದಕ್ಕೆ ಅವರಿಬ್ಬರೂ ಬ್ರಿಡ್ಜ್ ಹತ್ತಿದರು. ಭೀಮಶ್ಯಾನ ಮೊಣಕಾಲು ಸರಿ ಇರಲಿಲ್ಲ. ಮೆಟ್ಟಿಲಿಗೊಮ್ಮೆ ನಿಂತು, ಇಳಿಯುವವರಿಗೆ ದಾರಿ ಬಿಟ್ಟು, ಮತ್ತೆ ಹತ್ತಿದ. ನಡುವೆ ಬಂದು ಕಂಬಿ ಹಿಡಿದು ಚಸ್ಮಾ ತೆಗೆದ. ಪಶ್ಚಿಮದ ಬಿಸಿಲು ಗೋಡೆಗೆ ನೇರ ಬಿದ್ದಿತ್ತು. ಸುಣ್ಣದ ಬಿಳುಪು ಹೋಗಿ ಬೂದಿ ಬಣ್ಣ ಬಂದಿತ್ತು, ಮೊದಲಿನ ನಯ ಇರಲಿಲ್ಲ, ಹಣೆಯ ಮೇಲೆ ಎರಡು ಕಡೆ ಪುಡಿ ಉದುರಿತ್ತು. ಬಾಯಿ ತೆರೆದಿತ್ತು. ಸಾಬಮ್ಮ ಯಾರಿಗೋ ಏನೋ ಹೇಳುತ್ತಿದ್ದಳು.

ಕೆಳಗೆ ಒಂದು ಸಿಮೆಂಟಿನ ಗೂಡ್ಸ್ ಹಾದುಹೋಯಿತು. ಅದು ಮುಗಿಯುವವರೆಗೆ ಆತ ಕಾದ.

"ಬೈಯಾಕತ್ತಾಳ," ಎಂದ.

"ಏನಂತ ರಿ?"

"ಗ್ವಾಡಿ ಮೂರ ದಿನದಿಂದ ಒಣಗಾಕತ್ತದ, ನೀ ಏನು ನೋಡ್ಕೋತ ನಿಂತೀ ಅಂತ." ಆತ ಅಂಗಿಯ ತೋಳಿನಿಂದ ಎಡಗಣ್ಣು ಒರೆಸಿಕೊಂಡ, ಆಪರೇಶನ್ ಆದ ಕಣ್ಣನ್ನು ಮುಟ್ಟಲಿಲ್ಲ. "ನಿನ್ನ ಕೆಲಸ ಮುಗೀತೇನು?"

"ಮುಗೀತು ರಿ."

"ಈಗ ಹೊಡಿಬೌದೇನು?"

"ಹೊಡೀರಿ. ಆದ್ರ ಈಗ ಉಪಯೋಗ ಆಗ್ತದೇನ್ರಿ?"

"ಪೂರ ಆಗಂಗಿಲ್ಲ. ಅರ್ಧ ಆಗ್ತದ. ನಾಕ ಮಳಿಗಾಲ ಬರಬೌದು." ಚಸ್ಮಾ ಹಾಕಿಕೊಂಡ. "ನೀ ಇಲ್ಲೇ ನಿಂದ್ರು. ನೀರು ಬಿದ್ದರ ಹೆಂಗ ಕಾಣ್ತಾಳ, ಅಲ್ಲಿಂದ ನಂಗ ತಿಳಿಯಂಗಿಲ್ಲ."

ಆತ ಇಳಿದು, ಕಂಪೌಂಡು ಸುತ್ತಿ ಹೋಗಲು ಇಪ್ಪತ್ತು ನಿಮಿಷ ಬೇಕಾಯಿತು. ಅನಸುಬಾಯಿ ಬಕೇಟಿನ ಜೊತೆ ತನ್ನ ಎರಡು ಕೊಡಗಳನ್ನೂ ತುಂಬಿ ತಂದದ್ದು ನಾಹಿದಳಿಗೆ ದೂರದಿಂದಲೇ ಕಂಡಿತು. ಅವರಿಬ್ಬರೂ ಮೇಲಿನಿಂದ ಶುರು ಮಾಡಿದರು. ನೀರು ಇಳಿದಂತೆ ಗೋಡೆ ಕಪ್ಪಾಯಿತು: ಹಣೆ, ಮೂಗು, ಕೆನ್ನೆ, ಗಲ್ಲ ಎಲ್ಲವೂ ಒಂದೇ ಬಣ್ಣ. ಮುಖ ಪೂರ್ತಿ ಅಳಿಸಿಹೋಯಿತು. ನಾಹಿದ ಕಂಬಿ ಬಿಗಿಹಿಡಿದಳು. ಅವಳು ಇದನ್ನು ಯೋಚಿಸಿರಲಿಲ್ಲ.

ಫೋನ್ ಬಂತು.

"ಕಾಣಾಕತ್ತಾಳೇನು?" ಭೀಮಶ್ಯಾ ಕೇಳಿದ. ಹಿಂದೆ ಅನಸುಬಾಯಿ ಏನೋ ಹೇಳುತ್ತಿದ್ದಳು.

"ತಡೀರಿ ಕಾಕಾ."

ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಎದ್ದು ನಿಂತ ಭಾಗಗಳು ಮೊದಲು ಒಣಗುತ್ತವೆ, ಕುಳಿಗಳು ನೀರು ಹಿಡಿದಿರುತ್ತವೆ. ಮೊದಲು ಕೆನ್ನೆಯ ಏರು ಬೂದಿಗೆ ತಿರುಗಿತು. ಆಮೇಲೆ ಮೂಗಿನ ದಿಂಡು. ಆಮೇಲೆ ತುಟಿ. ಕಣ್ಣು, ಕೂದಲು, ಹಲ್ಲಿಲ್ಲದ ಜಾಗ ಮಾತ್ರ ಒದ್ದೆಯಾಗಿಯೇ ಉಳಿದು, ಒಣ ಗೋಡೆಯಲ್ಲಿ ಎಂದೂ ಇಲ್ಲದಷ್ಟು ಕಪ್ಪಾಗಿ ಕಂಡವು.

"ಏನಾಯ್ತವ್ವ? ಹೋದಳೇನು?"

"ಇಲ್ರಿ," ನಾಹಿದ ಹೇಳಿದಳು. "ಬರಾಕತ್ತಾಳ."